ಮಿಷಿಗನ್ ಸರೋವರದ ಮರಳುಗಿರಿಗಳು

ಪಶ್ಚಿಮಕ್ಕೆ ಗ್ಯಾರಿ ನಗರದ ಉಕ್ಕಿನ ಕಾರ್ಖಾನೆಗಳು, ಪೂರ್ವಕ್ಕೆ ಮಿಷಿಗನ್ ಸಿಟಿಯ ವಿದ್ಯುತ್ ಸ್ಥಾವರ. ಇವುಗಳ ನಡುವೆ ಸುಮಾರು 3 ಮೈಲಿ ಉದ್ದದ ಮರಳದಂಡೆಯೊಂದು ಉಳಿದು ಬಂದಿರುವುದೇ ಸೋಜಿಗ. ಅಮೆರಿಕದ ಇಂಡಿಯಾನಾ ಡ್ಯೂನ್ಸ್ ರಾಜ್ಯೋದ್ಯಾನವೆಂದರೆ ಇದೇ. ಬೇಸಗೆಯ ಭಾನುವಾರಗಳಲ್ಲಿ ಜನ ಇಲ್ಲಿಗೆ ಧಾವಿಸುವುದು ಜಲಕ್ರೀಡೆಗಾಗಿ. ಆದರೆ ಆಚೆಯ ದಡ ಕಾಣದಷ್ಟು ವಿಸ್ತಾರವಾಗಿದ್ದೂ ಉಪ್ಪಿನ ಸೋಂಕಿಲ್ಲದ ಆ ಸರೋವರದಲ್ಲಿ ಮಿಂದು ಹಾಗೆಯೇ ಮರಳುವವರು ಸ್ಥಳದ ಅರ್ಧ ಸೊಬಗನ್ನು ಮಾತ್ರ ಕಂಡವರೆಂದು ನನ್ನ ಮತ.

ಉಳಿದರ್ಧ, ನೀರಿಗೆ ಬೆನ್ನುಹಾಕಿ ನಡೆಯುವವರಿಗೆ ಲಭ್ಯ. ಗಾಳಿ ಹೊತ್ತು ತಂದ ಮರಳನ್ನು ಮೊದಲು ತಡೆಯುವುದು ಮ್ಯಾರಮ್ ಎಂಬ ಹುಲ್ಲು. ಮರಳು ಹೂಳಿದಷ್ಟೂ ಅದು ಮೇಲಕ್ಕೆ ಚಿಗುರುತ್ತದೆ. ಬಾಗಿದ ಎಲೆಯ ತುದಿ ಗಾಳಿಗೆ ತಿರುಗಿ ತನ್ನ ಸುತ್ತಲೂ ಮರಳಿನಲ್ಲಿ ಕೈವಾರದಿಂದ ಎಳೆದಂತಹ ವೃತ್ತವನ್ನು ಬರೆದಿರುತ್ತದೆ. ಅದರ ಹಿಂದೆ ಕಾಟನ್‌ವುಡ್ ಮರಗಳು, ಅನಂತರ ಪೈನ್, ಕಟ್ಟಕಡೆಗೆ ಓಕ್ ವನ: ನೀರಿನಿಂದ ದೂರ ಸರಿದಂತೆಲ್ಲ ದಿಬ್ಬಗಳ ವಯಸ್ಸು ಏರುವುದರಿಂದ, ಅರ್ಧ ತಾಸಿನ ನಡಿಗೆಯಲ್ಲಿ ಶತಮಾನಗಳನ್ನೇ ದಾಟಬಹುದು. ಷಿಕಾಗೊ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಹೆನ್ರಿ ಚಾಂಡ್ಲರ್ ಕೋಲ್ಸ್ ಈ ಕ್ರಮವನ್ನು ಗುರುತಿಸಿ 1899ರಲ್ಲಿ ಪ್ರಕಟಿಸಿದ ಪ್ರಬಂಧ, ಒಂದು ಸಸ್ಯಸಮೂಹ ತಾನೇ ನೆಲವನ್ನು ಹದಗೊಳಿಸಿ ಮುಂದಿನದಕ್ಕೆ ಎಡೆಮಾಡಿಕೊಡುತ್ತದೆಂಬ ವಿಚಾರಕ್ಕೆ ಭದ್ರವಾದ ಅಸ್ತಿಭಾರವನ್ನು ಹಾಕಿತು.

ಪಂಡಿತರು ಹೀಗೆ ಮರಳನ್ನು ಓದುತ್ತಿದ್ದ ಕಾಲದಲ್ಲಿಯೇ ವರ್ತಕರು ಅದನ್ನು ಅಳೆದು ಮಾರುತ್ತಿದ್ದರು. ಮಿಷಿಗನ್ ಸಿಟಿಯ ಬಳಿ ಸುಮಾರು 200 ಅಡಿ ಎತ್ತರವಿದ್ದ ಹೂಸಿಯರ್ ಸ್ಲೈಡ್ ಎಂಬ ದಿಬ್ಬ, ಗಾಜಿನ ಕಾರ್ಖಾನೆಗಳಿಗಾಗಿ ರೈಲಿನ ವ್ಯಾಗನ್ನುಗಳನ್ನೇರಿ, ಉಪ್ಪಿನಕಾಯಿ ಜಾಡಿಗಳಾಗಿ ಮನೆಮನೆ ಸೇರಿ, ನಾಮಾವಶೇಷವಾಯಿತು! ಮೇಲೆ ಹೇಳಿದ ಸ್ಥಾವರ ನಿಂತಿರುವುದು ಅದೇ ಜಾಗದಲ್ಲಿ. 1916ರಲ್ಲಿ ರಾಷ್ಟ್ರೀಯ ಉದ್ಯಾನಗಳ ಹೊಣೆ ಹೊತ್ತಿದ್ದ ಅಧಿಕಾರಿ ಸ್ಟೀಫನ್ ಮ್ಯಾದರ್ ಷಿಕಾಗೊದಲ್ಲಿ ಬಹಿರಂಗ ವಿಚಾರಣೆ ನಡೆಸಿ ಈ ತೀರವನ್ನು ರಾಷ್ಟ್ರೀಯ ಉದ್ಯಾನವಾಗಿಸಲು ಯತ್ನಿಸಿದರೂ ಮಹಾಯುದ್ಧ ಅಡ್ಡಬಂದಿತು. ಕಡೆಗೆ ರಾಜ್ಯವೇ ಮುಂದೆ ಬಂದು 1925ರಲ್ಲಿ ಒಂದು ಭಾಗವನ್ನು ಉದ್ಯಾನವಾಗಿಸಿತು. ಸುತ್ತಲಿನ ನೆಲ ರಾಷ್ಟ್ರೀಯ ಉದ್ಯಾನವೆನಿಸಿಕೊಂಡದ್ದು 2019ರಷ್ಟು ತಡವಾಗಿ. ಎರಡಕ್ಕೂ ಪ್ರವೇಶಶುಲ್ಕ ಬೇರೆಬೇರೆ ಎಂಬುದನ್ನು ಯಾತ್ರಿಕರು ಮರೆಯಬಾರದು.

ಟಾಮ್, ಹೋಲ್ಡನ್, ಜ್ಯಾಕ್ಸನ್ ಎಂಬ ಮೂರು ದಿಬ್ಬಗಳನ್ನು ಒಂದೇ ಸುತ್ತಿನಲ್ಲಿ ಏರಿದರೆ ಒಟ್ಟು 552 ಅಡಿ. ಸಂಖ್ಯೆ ಅಲ್ಪವೆಂದು ನಗುವವರು ಸಡಿಲ ಮರಳಿನಲ್ಲಿ ಒಮ್ಮೆ ಕಾಲಿಟ್ಟು ನೋಡಬೇಕು. ಅತ್ಯುನ್ನತವಾದ 192 ಅಡಿಯ ಟಾಮ್ ಶಿಖರದಿಂದ, ಆಕಾಶ ತಿಳಿಯಾಗಿದ್ದ ದಿನ, ನೀರಿನಾಚೆ ಷಿಕಾಗೊದ ಗಗನಚುಂಬಿಗಳು ಕಾಣುತ್ತವೆ. ಡೇರೆ ಹಾಕಿ ತಂಗುವವರ ಬಿಡಾರ ದಿಬ್ಬಗಳ ಹಿಂದಣ ಮರಗಳ ನೆರಳಿನಲ್ಲಿದೆ. ಸೊಳ್ಳೆಗಳ ಆತಿಥ್ಯಕ್ಕೆ ಸಿದ್ಧರಾಗಿಯೇ ಹೋಗಬೇಕು. ರಜಾದಿನಗಳಲ್ಲಿ ವಾಹನ ನಿಲ್ಲಿಸಲು ಸ್ಥಳ ಸಿಕ್ಕುವುದು ದುರ್ಲಭವಾದುದರಿಂದ ಷಿಕಾಗೊದಿಂದ ಸೌತ್ ಶೋರ್ ರೈಲು ಹಿಡಿದು ಡ್ಯೂನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯುವುದು ಲೇಸು.