ಕೀಲು ಬಿಸಿಯಾಗಿ, ಕೆಂಪಾಗಿ ಊದಿಕೊಂಡರೆ

ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಗದ್ದೆ, ತೋಟದ ಕೆಲಸ ಮಾಡುವವರಿಗೆ ಕೀಲುನೋವು ಹೊಸದಲ್ಲ. ‘ವಾಯು’ ಎಂದುಕೊಂಡು ಎಣ್ಣೆ ಹಚ್ಚಿ ನೀವುವುದು ರೂಢಿ. ಆದರೆ ಕೀಲು ಮುಟ್ಟಿದರೆ ಬಿಸಿ, ನೋಡಿದರೆ ಕೆಂಪು, ಜೊತೆಗೆ ಊತವೂ ಇದ್ದರೆ ಅದು ಬರೀ ದಣಿವಿನ ನೋವಲ್ಲ, ಒಳಗೆ ಉರಿಯೂತವಿದೆ ಎಂದು ನಾವು ತಿಳಿಯಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರಬಹುದು. ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಇದಕ್ಕೆ ಮುಖ್ಯ ಕಾರಣಗಳು ಹೀಗಿವೆ.

1. ಕೀಲಿನೊಳಗೆ ಸೋಂಕು: ಹೆಚ್ಚಾಗಿ ಒಂದೇ ಕೀಲು, ಅದರಲ್ಲೂ ಮೊಣಕಾಲು, ಒಮ್ಮೆಲೇ ಊದಿ ಅಲುಗಾಡಿಸಲೂ ಆಗುವುದಿಲ್ಲ. ಸಾಮಾನ್ಯವಾಗಿ ಜ್ವರವಿರುತ್ತದೆ, ವಯಸ್ಸಾದವರಲ್ಲಿ ಇಲ್ಲದೆಯೂ ಇರಬಹುದು. ಸಕ್ಕರೆ ಕಾಯಿಲೆಯವರಿಗೆ, ಮಕ್ಕಳಿಗೆ, ಮುಳ್ಳು ಚುಚ್ಚಿ ಗಾಯವಾದವರಿಗೆ ಅಪಾಯ ಹೆಚ್ಚು. ಕೆಲವೇ ದಿನಗಳಲ್ಲಿ ಕೀಲು ಶಾಶ್ವತವಾಗಿ ಹಾಳಾಗಬಹುದು, ಸೋಂಕು ರಕ್ತಕ್ಕೂ ಹರಡಬಹುದು. ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸಬೇಕು. ಆದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

2. ಗೌಟ್: ಯೂರಿಕ್ ಆಮ್ಲದ ಹರಳುಗಳಿಂದ ಬರುತ್ತದೆ. ಹೆಚ್ಚಾಗಿ ರಾತ್ರಿ ಹೊತ್ತು ಕಾಲಿನ ಹೆಬ್ಬೆರಳ ಬುಡ ಊದಿ, ಬಟ್ಟೆ ತಾಗಿದರೂ ತಡೆಯಲಾಗದ ನೋವು. ಮದ್ಯಪಾನದಿಂದ ಹೆಚ್ಚುತ್ತದೆ.

3. ರುಮ್ಯಾಟಿಕ್ ಜ್ವರ: 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ಗಂಟಲುನೋವು ಬಂದು ಎರಡು ಮೂರು ವಾರಗಳ ಬಳಿಕ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುತ್ತದೆ. ಕೀಲು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟ ಕೆಡಬಹುದು. ಇಂತಹ ಮಕ್ಕಳಿಗೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಳ ಕಾಲ ತಪ್ಪದೆ ಕೊಡಿಸಬೇಕಾಗುತ್ತದೆ.

4. ಚಿಕೂನ್‌ಗುನ್ಯ: 2006ರಲ್ಲಿ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾಗಿದ್ದವು. ಜ್ವರದೊಂದಿಗೆ ಮಣಿಕಟ್ಟು, ಹಿಮ್ಮಡಿಗಂಟು ಊದಿಕೊಳ್ಳುತ್ತವೆ. ನೋವು ತಿಂಗಳುಗಟ್ಟಲೆ ಉಳಿಯಬಹುದು. ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬಾರದು.

5. ರುಮಟಾಯ್ಡ್ ಸಂಧಿವಾತ: ಹೆಂಗಸರಲ್ಲಿ ಹೆಚ್ಚು. ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಬೆಳಿಗ್ಗೆ ಗಂಟೆಗೂ ಮೀರಿ ಬಿಗಿದಿರುತ್ತವೆ. ಬೇಗ ಚಿಕಿತ್ಸೆ ಆರಂಭಿಸಿದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು.

ನಮ್ಮ ಭಾಗದ ಇನ್ನೆರಡು ಕಾಯಿಲೆಗಳನ್ನು ಇವುಗಳೊಡನೆ ಬೆರೆಸಬಾರದು. ಪಕ್ಕದ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ವಂಶಪಾರಂಪರ್ಯವಾದುದು, ಅಂಟುವುದಿಲ್ಲ. ಸೊಂಟದ ಕೀಲು, ಮೂಳೆಗಳು ನಿಧಾನವಾಗಿ ಸವೆಯುತ್ತವೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆ. ಅದರಲ್ಲಿ ತೀವ್ರ ಜ್ವರ, ತಲೆನೋವು, ಸ್ನಾಯುನೋವು ಮುಖ್ಯ, ಕೀಲಿನ ಊತವಲ್ಲ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ವೈದ್ಯರಿಗೆ ಅದನ್ನು ಮೊದಲು ಹೇಳಬೇಕು.

ಮನೆ ಭೇಟಿಗೆ ಹೋಗುವ ಕಾರ್ಯಕರ್ತರು ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಒಂದೇ ಕೀಲೋ, ಹಲವೋ? ಯಾವಾಗ ಶುರುವಾಯಿತು? ಜ್ವರವಿದೆಯೇ? ಗಾಯವಾಗಿತ್ತೇ? ಊದಿದ ಕೀಲನ್ನು ನೀವುವುದು, ಬರೆ ಹಾಕುವುದು, ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೇಡ. ಒಂದೇ ಕೀಲು ಊದಿ ಜ್ವರವೂ ಇದ್ದರೆ ಕೂಲಿ ತಪ್ಪುತ್ತದೆಂದು ನಾಳೆಗೆ ಮುಂದೂಡದೆ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯೋಣ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡೋಣ. ಒಂದು ದಿನದ ಕೂಲಿ ಹೋದರೂ ದುಡಿಯುವ ಕಾಲು ಉಳಿಯುತ್ತದೆ.