ರಾತ್ರಿ ಬಸ್ಸಿನಲ್ಲಿ ಬಂದ ಕೋಳಿಮರಿ

ಬೆಳಗಿನ 6 ಗಂಟೆಗೆ ಬಂದ ಬೆಂಗಳೂರಿನ ಬಸ್ಸಿನಿಂದ ಕಂಡಕ್ಟರು ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿಕೊಟ್ಟರು. ಸುತ್ತಲೂ ರೂಪಾಯಿ ಅಗಲದ ತೂತುಗಳು, ಒಳಗೆ ಚಿಂವ್ ಚಿಂವ್ ಗಲಾಟೆ. ಹಿಂದಿನ ದಿನವಷ್ಟೇ ಮೊಟ್ಟೆಯೊಡೆದು ಬಂದಿದ್ದ 25 ಗಿರಿರಾಜ ಮರಿಗಳು. ಮನೆಯಲ್ಲಿ ಮುಚ್ಚಳ ತೆಗೆದಾಗ 23 ಮರಿಗಳು ಕತ್ತೆತ್ತಿ ನೋಡಿದವು. ಎರಡು ಮಾತ್ರ ಮೂಲೆಯಲ್ಲಿ ಕಣ್ಣು ಮುಚ್ಚಿ, ರೆಕ್ಕೆ ಜೋಲುಬಿಟ್ಟು ಬಿದ್ದಿದ್ದವು. ಏಳನೇ ತರಗತಿಯ ಮಗಳು ಅಡುಗೆಮನೆಗೆ ಓಡಿ ಹಾಲು-ಅನ್ನ ಕಲಸಿ ತಂದಳು. "ಪಾಪ, ರಾತ್ರಿಯೆಲ್ಲ ಉಪವಾಸ ಅಪ್ಪಾ."

ಉಪವಾಸವೇನೋ ನಿಜ. ಆದರೆ ಮರಿ ಸೋತಿದ್ದು ಹಸಿವಿನಿಂದಲ್ಲ.

ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಹೊರಬರುವ ಸ್ವಲ್ಪ ಮುಂಚೆ, ಮೊಟ್ಟೆಯಲ್ಲಿ ಉಳಿದ ಹಳದಿ ಭಾಗವನ್ನು ಮರಿ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಈ ಬುತ್ತಿ ಹೆಚ್ಚುಕಡಿಮೆ 3 ದಿನಕ್ಕೆ ಸಾಕು. ಇದಕ್ಕೆ ಕಾರಣವೂ ಉಂಟು. ಹೇಂಟೆಯ ಅಡಿಯ ಮೊಟ್ಟೆಗಳೆಲ್ಲ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಕೊನೆಯದು ಬರುವವರೆಗೆ ತಾಯಿ ಏಳಳು, ಮೊದಲು ಬಂದವು ಕಾಯಬೇಕು. ಮರಿಗಳನ್ನು ದೂರದೂರಿಗೆ ಕಳಿಸುವ ವ್ಯಾಪಾರವೆಲ್ಲ ನಿಂತಿರುವುದು ಈ ಬುತ್ತಿಯ ಮೇಲೆಯೇ. ಅಮೆರಿಕದಲ್ಲಿ 1918ರಿಂದ ಅಂಚೆಯಲ್ಲೇ ಮರಿಗಳನ್ನು ಕಳಿಸುತ್ತಿದ್ದಾರೆ!

ಪ್ರಯಾಣದಲ್ಲಿ ಮರಿ ಕಳೆದುಕೊಳ್ಳುವುದು ಮೈಯ ಕಾವನ್ನು ಮತ್ತು ನೀರನ್ನು. ಎಳೆಯ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬಾರದು. ಅದಕ್ಕೇ ಮೊದಲು ಶಾಖ, ಆಮೇಲೆ ನೀರು, ಕಡೆಗೆ ಕಾಳು. ಈ ಸರದಿ ತಪ್ಪಿದರೆ ಅಕ್ಕರೆಯೇ ಮುಳುವಾಗುತ್ತದೆ. ತಣ್ಣಗಾದ ಮರಿ ಸರಿಯಾಗಿ ನುಂಗಲಾರದು. ಬಾಯಿಗೆ ಸುರಿದದ್ದು ಶ್ವಾಸನಾಳಕ್ಕೆ ಇಳಿದೀತು. ಮಗಳ ಹಾಲು-ಅನ್ನವನ್ನು ಬೆಕ್ಕು ತಿಂದಿತೆನ್ನಿ. ನನ್ನಮ್ಮ ಅಂದರು, "ಕೋಳಿ ಮೊದಲು ರೆಕ್ಕೆ ಕೊಡ್ತದೆ, ಆಮೇಲೆ ಕಾಳು ತೋರಿಸ್ತದೆ."

ನಾವು ಎರಡನ್ನೂ ಬೇರೆ ಡಬ್ಬದಲ್ಲಿಟ್ಟು ಬಲ್ಬು ತೂಗುಹಾಕಿದೆವು. ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು. ಈಗ ಮನೆಮನೆಯಲ್ಲಿರುವ ಎಲ್‌ಇಡಿ ಬಲ್ಬು ಇದಕ್ಕೆ ನಡೆಯದು, ಅದರಲ್ಲಿ ಬೆಳಕುಂಟು, ಸಾಕಷ್ಟು ಕಾವಿಲ್ಲ. ಹಳೆಯ ತಂತಿಯ ಬಲ್ಬೇ ಬೇಕು. ಕರೆಂಟು ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಶಾಖ ಸರಿಯಿದೆಯೇ ಎಂದು ಮರಿಗಳೇ ಹೇಳುತ್ತವೆ. ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯ್ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಬದಿಗೆ ಒತ್ತಿಕೊಂಡರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಸೆಕೆಯಾದಾಗ ಸರಿದುಕೊಳ್ಳಲು ಡಬ್ಬದಲ್ಲಿ ಜಾಗವಿರಲಿ.

ಮೈ ಬೆಚ್ಚಗಾದ ಮೇಲೆ ಉಗುರುಬೆಚ್ಚಗಿನ ಬೆಲ್ಲದ ನೀರು. ಲೀಟರಿಗೆ 100 ಗ್ರಾಂ ಬೆಲ್ಲ ಮೀರಬಾರದು, ಅದೂ ಮೊದಲ ದಿನ ಮಾತ್ರ. ಕೊಕ್ಕಿನ ತುದಿಯನ್ನಷ್ಟೇ ಅದ್ದಿ ಬಿಡಿ, ಮರಿ ಕತ್ತೆತ್ತಿ ತಾನೇ ನುಂಗುತ್ತದೆ. ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದು ಹನಿ ಸವರಿ. ಫಿಲ್ಲರಿನಿಂದ ಗಂಟಲಿಗೆ ಚಿಮ್ಮಿಸುವುದು ಬೇಡವೇ ಬೇಡ. ನೀರಿನ ತಟ್ಟೆ ಆಳವಿಲ್ಲದ್ದಾಗಿರಲಿ, ಒಳಗೆ ಗೋಲಿಗಳನ್ನು ಹಾಕಿಡಿ. ನಿತ್ರಾಣ ಮರಿ ಅರ್ಧ ಅಂಗುಲ ನೀರಿನಲ್ಲೂ ಮುಳುಗೀತು. ಓಡಾಡತೊಡಗಿದ ಮೇಲೆ ಮರಿಗಳ ಆಹಾರವನ್ನೋ ಮುಸುಕಿನ ಜೋಳದ ಸಣ್ಣ ನುಚ್ಚನ್ನೋ ಉದುರಿಸಿದರಾಯಿತು.

ಡಬ್ಬಕ್ಕೆ ಬರೀ ಕಾಗದ ಹಾಸಬೇಡಿ (ಪತ್ರಿಕೆಯಲ್ಲಿ ಕುಳಿತು ಹೀಗೆ ಬರೆಯಬಾರದೇನೋ!). ನುಣುಪಿನ ಮೇಲೆ ಕಾಲು ಜಾರಿ ಜಾರಿ ಎರಡೂ ಬದಿಗೆ ಸೀಳಿಕೊಳ್ಳುತ್ತವೆ. ಒರಟು ಬಟ್ಟೆಯೋ ಗೋಣಿತಾಟೋ ಇರಲಿ. ಪ್ರಯಾಣದ ಬಳಲಿಕೆಯಲ್ಲಿ ಕೆಲವು ಮರಿಗಳ ಹಿಂಭಾಗದಲ್ಲಿ ಹಿಕ್ಕೆ ಮೆತ್ತಿ ಗಟ್ಟಿಯಾಗಿ, ದಾರಿಯೇ ಮುಚ್ಚಿಹೋಗುತ್ತದೆ. ಬೆಚ್ಚನೆ ನೀರಿನಲ್ಲಿ ಹತ್ತಿ ನೆನೆಸಿ ಮೆತ್ತಗೆ ಬಿಡಿಸಿ, ಒರೆಸಿ ಒಣಗಿಸಬೇಕು. ಹೊಟ್ಟೆಯಡಿ ಕಾಣುವ ಒಣ ಚುಕ್ಕೆ ಮಾತ್ರ ಹೊಕ್ಕುಳು. ಅದನ್ನು ಕೊಳೆಯೆಂದು ಕಿತ್ತೀರಿ, ಜೋಕೆ. ಇನ್ನು ಮಕ್ಕಳಿಗೆ ಒಂದು ಮಾತು: ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮುದ್ದು ಬಂತೆಂದು ಮುತ್ತಿಡಬೇಡಿ. ನೋಡಲು ಚೆನ್ನಾಗಿರುವ ಮರಿಯಲ್ಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.

ನಮ್ಮ ಎರಡರಲ್ಲಿ ಒಂದು ಗಂಟೆಯೊಳಗೆ ಕಣ್ಣು ತೆರೆಯಿತು. ಇನ್ನೊಂದರ ಹೊಕ್ಕುಳು ಹಸಿಯಾಗಿ ಊದಿತ್ತು, ವಾಸನೆಯೂ ಬರುತ್ತಿತ್ತು. ಹೊಕ್ಕುಳಿಗೆ ಸೋಂಕು ಹತ್ತಿದ ಮರಿ ಉಳಿಯುವುದು ಅಪರೂಪ. ಎರಡನೆಯ ರಾತ್ರಿ ಅದು ಸತ್ತಿತು. "ನಾವೇನಾದ್ರೂ ತಪ್ಪು ಮಾಡಿದ್ವಾ ಅಪ್ಪಾ?" ಎಂದಳು ಮಗಳು. ಇಲ್ಲ ಕಣಮ್ಮ, ಬರುವಾಗಲೇ ಕಾಯಿಲೆ ಇತ್ತು ಎಂದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ ಎಂದು ಹೊಕ್ಕುಳನ್ನೂ ತೋರಿಸಿದೆ. ಹಿತ್ತಿಲ ಕರಿಬೇವಿನ ಬುಡದಲ್ಲಿ ಆಳವಾಗಿ ಹೂತೆವು.

ಉಳಿದ ಮರಿಯ ಕಾಲಿಗೆ ಅವಳು ಗುರುತಿಗೆಂದು ಕೆಂಪು ದಾರ ಕಟ್ಟಿದ್ದಳು. ಕಾಲು ದಪ್ಪವಾಗಿ ಬಿಗಿದೀತೆಂದು ವಾರದೊಳಗೆ ಬಿಚ್ಚಿಸಿದೆ. ಆಮೇಲೆ 24ರಲ್ಲಿ ಅದು ಯಾವುದೆಂದು ಅವಳಿಗೂ ತಿಳಿಯಲಿಲ್ಲ.