ಬೋಣಿ ಎಲ್ಲಿಂದ? ಆನ್‌ಲೈನ್ ಬಟ್ಟೆ ಅಂಗಡಿಯ ಕುರಿತ ನಂಬಿಕೆ ಮತ್ತು ನಿಜ

ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಜವಳಿ ಅಂಗಡಿಯವರು ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಒಪ್ಪುವುದಿಲ್ಲ. ‘ಬೋಣಿ ಟೈಮು ಅಕ್ಕಾ, ಒಂದು ಕರ್ಚೀಫಾದ್ರೂ ತಕೊಂಡೋಗಿ’ ಎನ್ನುತ್ತಾರೆ. ಹತ್ತು ರೂಪಾಯಿ ಬಿಟ್ಟಾದರೂ ಕೊಡುತ್ತಾರೆ. ಅದೇ ಊರಿನಲ್ಲೋ ಗುಂಡ್ಲುಪೇಟೆಯಲ್ಲೋ ಹೆಣ್ಣುಮಗಳೊಬ್ಬಳು ಮನೆಯಲ್ಲಿ ಕೂತು ಇನ್‌ಸ್ಟಾಗ್ರಾಂನಲ್ಲಿ ಸೀರೆ, ಕುರ್ತಿ ಮಾರಲು ಹೊರಟರೆ ಬೋಣಿಗಾಗಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಕಾದು ಕಾದು ಎದೆಗುಂದಿ, ತಂದ ಮಾಲನ್ನು ನೆಂಟರಿಷ್ಟರಿಗೆ ಹಂಚಿ ಕೈಬಿಟ್ಟವರನ್ನು ಕಂಡಿದ್ದೇನೆ. ಅವರ ಬಟ್ಟೆ ಚೆನ್ನಾಗಿಯೇ ಇತ್ತು. ಯಾರೋ ಹೇಳಿದ ಮಾತು ನಂಬಿ ಸೋತರು ಎಂಬುದೇ ಸಂಕಟ. ಆ ಮಾತುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ನೋಡೋಣ.

‘ಪೇಜ್ ತೆರೆದರೆ ಸಾಕು, ಇಡೀ ದೇಶವೇ ಗಿರಾಕಿ’

ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡಿಸಿದ ನಂಬಿಕೆ ಇದು. ದೇಶಕ್ಕೆಲ್ಲ ಮಾರಿದ ಕಂಪನಿಗಳೇ ಹಾಗೆ ಶುರುವಾಗಲಿಲ್ಲ. 2007ರಲ್ಲಿ ಬೆಂಗಳೂರಿನ ಕೋರಮಂಗಲದ ಮನೆಯೊಂದರಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿದಾಗ, ಅದನ್ನು ಕಟ್ಟಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಪುಸ್ತಕದಂಗಡಿಯ ಮುಂದೆ ನಿಂತು, ಹೊರಬರುವ ಓದುಗರ ಕೈಗೆ ತಮ್ಮ ಹೆಸರಿದ್ದ ಬುಕ್‌ಮಾರ್ಕ್ ಕೊಟ್ಟರು. ಮಾರಲು ಹೊರಟದ್ದು ಪುಸ್ತಕ; ಅದನ್ನು ಕೊಳ್ಳುವವರು ಸಿಗುವ ಜಾಗ ಅದೇ ತಾನೆ? ಮೊದಲ ಆರ್ಡರ್ ಬಂದದ್ದು ಆಗ ಆಂಧ್ರಕ್ಕೆ ಸೇರಿದ್ದ ಮಹಬೂಬ್‌ನಗರದಿಂದ. ಕೇಳಿದ ಪುಸ್ತಕ ಇವರ ಬಳಿ ಇರಲಿಲ್ಲ. ಬೆಂಗಳೂರಿನ ಅಂಗಡಿ ಅಂಗಡಿ ಅಲೆದು ಹುಡುಕಿ ಕಳಿಸಿದರು.

ಬಟ್ಟೆಯ ವ್ಯಾಪಾರಕ್ಕೆ ಇನ್ನೂ ಹತ್ತಿರದ ಕಥೆ ಮೀಶೊದ್ದು. 2015ರಲ್ಲಿ ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನವಾಲ್ ಬೆಂಗಳೂರಿನಲ್ಲಿ ಮೊದಲು ಮಾಡಿದ್ದು ‘ಫ್ಯಾಶ್‌ನಿಯರ್’ ಎಂಬ ಆ್ಯಪ್. ಅಕ್ಕಪಕ್ಕದ ಬಟ್ಟೆ ಅಂಗಡಿಗಳನ್ನೆಲ್ಲ ಫೋನಿನೊಳಗೆ ತರುವ ಆಸೆ. ಅದು ನಡೆಯಲಿಲ್ಲ. ಆದರೆ ಅಂಗಡಿಗಳಿಗೆ ಹೋಗಿ ಬರುವಾಗ ಅವರ ಕಣ್ಣಿಗೆ ಬೇರೊಂದು ಬಿತ್ತು: ಅಂಗಡಿಯವರು ಯಾವ ಹೊಸ ಆ್ಯಪನ್ನೂ ಕಾಯದೆ, ಗುರುತಿನ ಗಿರಾಕಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೊಸ ಮಾಲಿನ ಫೋಟೊ ಕಳಿಸಿ ಮಾರುತ್ತಿದ್ದರು. ಮೀಶೊ ಹುಟ್ಟಿದ್ದು ಆ ನೋಟದಿಂದ. ಮನೆಯಲ್ಲಿರುವ ಹೆಣ್ಣುಮಕ್ಕಳು ತಮ್ಮ ಪರಿಚಯದವರಿಗೆ ಮಾರುವ ದಾರಿಯನ್ನು ಅದು ಹಿಡಿಯಿತು.

ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಬೆನ್ನ ಮೇಲೆ ಬಟ್ಟೆಗಂಟು ಹೊತ್ತು ಹಳ್ಳಿಗೆ ಬರುತ್ತಿದ್ದವರು ಒಂದು ಮನೆಯ ಜಗುಲಿ ಹಿಡಿದು ಗಂಟು ಬಿಚ್ಚುತ್ತಿದ್ದರು. ಆ ಮನೆಯವ್ವ ಒಂದು ಸೀರೆ ತೆಗೆದುಕೊಂಡಳೆಂದರೆ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. ದುಡ್ಡು ಕಂತಿನಲ್ಲಿ. ಆನ್‌ಲೈನ್ ಅಂಗಡಿಗೂ ಅಂಥ ಒಂದು ಜಗುಲಿ ಬೇಕು. ನನ್ನ ಅಭಿಪ್ರಾಯದಲ್ಲಿ ಆ ಜಗುಲಿ ಬ್ಲೌಸ್ ಹೊಲಿಯುವ ಟೈಲರ್ ಮತ್ತು ಸೀರೆಗೆ ಕುಚ್ಚು ಕಟ್ಟುವ ಅಕ್ಕ. ಯಾರ ಮನೆಯಲ್ಲಿ ಮದುವೆ, ಯಾರ ಮಗಳಿಗೆ ಸೀಮಂತ, ಯಾರಿಗೆ ಯಾವ ಅಂಚು ಇಷ್ಟ ಎಂಬುದು ಅವರಿಗೆ ನಮಗಿಂತ ಮೊದಲು ಗೊತ್ತಿರುತ್ತದೆ. ನಿಮ್ಮ ಸೀರೆಯೊಂದನ್ನು ಅವರ ಕೈಗೆ ಕೊಡಿ, ಅವರು ಮುಟ್ಟಿ ನೋಡಲಿ. ಫೋಟೊ ಜೊತೆ ‘ಫಾಲ್ಸ್, ಕುಚ್ಚು ನಾವೇ ಮಾಡಿಸಿಕೊಡುತ್ತೇವೆ’ ಎಂದು ಬರೆಯಿರಿ. ಸೀರೆಗಾಗಿ ಮೈಸೂರಿನ ದೇವರಾಜ ಅರಸು ರಸ್ತೆಗೆ ಬಸ್ ಹತ್ತುವವರೂ ಊರಿಗೆ ಮರಳಿದ ಮೇಲೆ ಈ ಇಬ್ಬರನ್ನು ಹುಡುಕಿಕೊಂಡೇ ಬರಬೇಕಲ್ಲ!

‘ಬೂಸ್ಟ್ ಮಾಡಿದರೆ ಆರ್ಡರ್ ಬರುತ್ತದೆ’

ದುಡ್ಡು ಕೊಟ್ಟರೆ ಪೋಸ್ಟ್ ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ, ಅಷ್ಟು ನಿಜ. ಲೈಕ್ ಒತ್ತುವವರನ್ನು ತಂದುಕೊಡು ಎಂದರೆ ಅದು ಲೈಕ್ ಒತ್ತುವವರನ್ನೇ ತಂದುಕೊಡುತ್ತದೆ. ಅವರಲ್ಲಿ ಬಟ್ಟೆ ಕೊಳ್ಳುವವರು ಎಷ್ಟು ಎಂಬುದು ಬೇರೆ ಲೆಕ್ಕ. ಜಾಹೀರಾತು ಕೊಡಲೇಬೇಕೆಂದರೆ ಊರು ಆರಿಸಿ, ಸುತ್ತ ಇಷ್ಟು ಕಿಲೋಮೀಟರ್ ಎಂದು ಕಟ್ಟಿಹಾಕಿ, ವಾಟ್ಸ್‌ಆ್ಯಪ್ ಸಂದೇಶ ಬರುವಂತೆ ಮಾಡಿ. ಅದಕ್ಕೂ ಮುಂಚೆ ಹತ್ತು ಜನ ಗುರುತಿನವರಿಗಾದರೂ ಮಾರಿರಬೇಕು. ಏನನ್ನು ಕೇಳಿದರು, ಯಾವುದನ್ನು ಬೇಡವೆಂದರು ಎಂಬುದನ್ನು ಆ ಹತ್ತು ಜನರೇ ಕಲಿಸುತ್ತಾರೆ.

‘ಮೊದಲು ಭಾರಿ ಡಿಸ್ಕೌಂಟ್ ಕೊಟ್ಟು ಜನ ಹಿಡಿಯಬೇಕು’

ಲೆಕ್ಕ ಹಾಕೋಣ. ₹600ಕ್ಕೆ ತಂದ ಸೀರೆಗೆ ₹900 ಬೆಲೆ ಇಟ್ಟಿದ್ದೀರಿ. ಶೇ. 30 ರಿಯಾಯಿತಿ ಕೊಟ್ಟರೆ ಕೈಗೆ ಬರುವುದು ₹630. ಕೊರಿಯರ್‌ಗೆ ₹60 ಹೋದರೆ ಪ್ರತಿ ಸೀರೆಗೂ ₹30 ಕೈಯಿಂದ. ಗಿರಾಕಿ ಸೀರೆ ಹಿಂದಿರುಗಿಸಿದರೆ ಎರಡೂ ಕಡೆಯ ಸಾಗಣೆ ನಿಮ್ಮದೇ. ಇನ್ನೊಂದು ಕಷ್ಟ: ₹630ಕ್ಕೆ ಕೊಂಡ ಅಕ್ಕ ಮುಂದಿನ ಸಲ ₹900 ಎಂದರೆ ‘ಯಾಕವ್ವಾ, ಆವತ್ತು ಅಷ್ಟಕ್ಕೇ ಕೊಟ್ರಲ್ಲ’ ಎಂದು ಕೇಳುತ್ತಾಳೆ. ಆಕೆ ಕೇಳುವುದು ನ್ಯಾಯವೇ. ಬೆಲೆ ಇಳಿಸುವ ಬದಲು ಕುಚ್ಚು ಕಟ್ಟಿಸಿಕೊಡಿ, ಊರಿನೊಳಗಾದರೆ ನೀವೇ ಮನೆಗೆ ಒಯ್ದು ತೋರಿಸಿ. ‘ಬಟ್ಟೆ ಮುಟ್ಟಿ ನೋಡದೆ ಹೆಂಗೆ ತಕೊಳೋದು’ ಎಂಬ ಹಿಂಜರಿಕೆಗೆ ಕ್ಯಾಶ್ ಆನ್ ಡೆಲಿವರಿ ಕೂಡ ಉತ್ತರವಲ್ಲ. ಅಲ್ಲೂ ದುಡ್ಡು ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚುವುದು.

‘ಬೆಲೆ ಬರೆಯಬಾರದು, ಕೇಳಿದವರಿಗೆ ಮಾತ್ರ ಹೇಳಬೇಕು’

ತಪ್ಪು. ವ್ಯಾಪಾರಕ್ಕೂ ತಪ್ಪು, ಕಾನೂನಿಗೂ ತಪ್ಪು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವವರು ಒಟ್ಟು ಬೆಲೆಯನ್ನು ತೋರಿಸಬೇಕು. ಮಾರುವವರ ಹೆಸರು, ವಿಳಾಸ, ದೂರು ಹೇಳಿಕೊಳ್ಳುವ ಬಗೆ ಎಲ್ಲ ತಿಳಿಯುವಂತಿರಬೇಕು. ದೋಷವಿರುವ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ‘ನೋ ರಿಟರ್ನ್’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡರೂ ಹರಿದ ಸೀರೆಗೆ ಅದು ನಡೆಯದು. ಮಾರುವವರೇ ಗಿರಾಕಿಯಂತೆ ನಟಿಸಿ ‘ಸೂಪರ್ ಕ್ವಾಲಿಟಿ’ ಎಂದು ವಿಮರ್ಶೆ ಬರೆಯುವುದನ್ನೂ ಅದೇ ನಿಯಮ ತಡೆಯುತ್ತದೆ. ಐವತ್ತು ಸುಳ್ಳು ಹೊಗಳಿಕೆಗಿಂತ, ತೆರಕಣಾಂಬಿಯ ಅಕ್ಕ ಒಬ್ಬಳು ‘ಒಗೆದ ಮೇಲೂ ಬಣ್ಣ ಹೋಗಲಿಲ್ಲ ಕನ’ ಎಂದು ತನ್ನ ಮಾತಿನಲ್ಲೇ ಕಳಿಸಿದ ಒಂದು ವಾಯ್ಸ್ ಮೆಸೇಜ್ ಹೆಚ್ಚು ಕೆಲಸ ಮಾಡುತ್ತದೆ. ಹಂಚುವ ಮುನ್ನ ಆಕೆಯ ಒಪ್ಪಿಗೆ ಕೇಳಿ.

‘ಮೈಸೂರ್ ಸಿಲ್ಕ್ ಎಂದು ಬರೆದರೆ ಬೇಗ ಹೋಗುತ್ತದೆ’

ಹೋಗಬಹುದು, ಆದರೆ ಆ ಹೆಸರು ನಿಮ್ಮದಲ್ಲ. ಮೈಸೂರು ಸಿಲ್ಕ್‌ನ ಭೌಗೋಳಿಕ ಸೂಚಕದ ಹಕ್ಕು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಪರಂಪರೆ ಅದು. ಸಾದಾ ಕ್ರೇಪ್ ಬಟ್ಟೆಗೆ ಆ ಹೆಸರು ಅಂಟಿಸಿದರೆ ಮೊದಲ ಗಿರಾಕಿಗೇ ಮೋಸ. ನಮ್ಮ ಜಿಲ್ಲೆಯಲ್ಲಂತೂ ಇದು ಬೇಗ ಬಯಲಾಗುತ್ತದೆ. ರೇಷ್ಮೆ ಹುಳ ಸಾಕಿದ ಮನೆಗಳಿವು. ಒಂದು ಎಳೆ ತೆಗೆದು ಸುಟ್ಟು ನೋಡುವ ಅಜ್ಜಿಯರಿದ್ದಾರೆ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕೊಳ್ಳೇಗಾಲದ ನೇಯ್ಗೆ ನಿಜವಾಗಿ ನಿಮ್ಮ ಬಳಿ ಇದ್ದರೆ ಆ ಹೆಸರನ್ನೇ ಹೆಮ್ಮೆಯಿಂದ ಬರೆಯಿರಿ. ಪಾಲಿಯೆಸ್ಟರ್ ಆದರೆ ಪಾಲಿಯೆಸ್ಟರ್ ಎಂದೇ ಹೇಳಿ. ದಿನಬಳಕೆಗೆ ಅದನ್ನೇ ಕೇಳುವವರು ಬೇಕಾದಷ್ಟು ಜನ.

‘ಚಿಕ್ಕ ವ್ಯಾಪಾರಕ್ಕೆ ಜಿಎಸ್‌ಟಿ ಗೊಡವೆ ಇಲ್ಲ’

ಅರ್ಧ ನಿಜ, ಮತ್ತು ಗಡಿಯಲ್ಲಿರುವ ನಮಗೆ ಅಪಾಯದ ಅರ್ಧ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು ₹40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರ್‌ನಿಂದ ಚಿಕ್ಕ ಮಾರಾಟಗಾರರು ನೋಂದಣಿಯಿಲ್ಲದೆಯೂ, ಒಂದು ದಾಖಲಾತಿ ಸಂಖ್ಯೆ ಪಡೆದು, ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ರಾಜ್ಯದೊಳಗೆ ಮಾರಬಹುದು. ಆದರೆ ರಾಜ್ಯದ ಗಡಿ ದಾಟಿಸಿ ಕಳಿಸಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಮೊದಲ ಸೀರೆಯಿಂದಲೇ ನೋಂದಣಿ ಬೇಕು. ಚಾಮರಾಜನಗರದಿಂದ ತಾಳವಾಡಿ ಎಷ್ಟು ದೂರ? ಕನ್ನಡ ಮಾತಾಡುವ ಊರು, ನೆಂಟಸ್ತಿಕೆಯ ಊರು, ಆದರೆ ತಮಿಳುನಾಡು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸುಲ್ತಾನ್ ಬತ್ತೇರಿ, ಕೇರಳ. ತಾಳವಾಡಿಯ ಅಕ್ಕ ನಿಮ್ಮ ಮನೆಗೇ ಬಂದು ಸೀರೆ ಕೊಂಡೊಯ್ದರೆ ಅದು ಸಾಮಾನ್ಯವಾಗಿ ರಾಜ್ಯದೊಳಗಿನ ಮಾರಾಟ. ಅದನ್ನೇ ನೀವು ಪಾರ್ಸೆಲ್ ಮಾಡಿದರೆ ಅಂತರರಾಜ್ಯ. ಓಣಂಗೆ ಮುಂಚೆ ಗುಂಡ್ಲುಪೇಟೆಯ ಹೂವಿನ ಹೊಲ ನೋಡಲು ಬರುವ ಮಲಯಾಳಿಗಳಿಗೆ ಅವರ ಊರಿಗೂ ಕಳಿಸಿ ಮಾರುವ ಆಸೆಯುಳ್ಳವರು ಇದನ್ನು ಮೊದಲೇ ತೆರಿಗೆ ಸಲಹೆಗಾರರ ಹತ್ತಿರ ಕೇಳಿಕೊಳ್ಳಬೇಕು.

‘ಆಷಾಢದಲ್ಲಿ ಬಟ್ಟೆ ಹೋಗುವುದಿಲ್ಲ’

ಬೆಂಗಳೂರಿನ ಅಂಗಡಿಗಳಲ್ಲಿ ಆಷಾಢವೆಂದರೆ ರಿಯಾಯಿತಿಯ ತಿಂಗಳು. ಮದುವೆಯಿಲ್ಲ, ಹಳೆ ಮಾಲು ಖಾಲಿ ಮಾಡುವ ಕಾಲ. ಆ ಪಂಚಾಂಗವನ್ನು ಚಾಮರಾಜನಗರಕ್ಕೆ ತರಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನದ ತೇರು ಹೊರಡುವುದೇ ಆಷಾಢದಲ್ಲಿ. ಆಷಾಢಕ್ಕೆಂದು ತವರಿಗೆ ಹೋದ ಹೊಸ ಹೆಣ್ಣು, ಇತ್ತ ಉಳಿದ ಗಂಡು, ಇಬ್ಬರೂ ಕೂಡುವುದು ಈ ತೇರಿನಲ್ಲಿ. ಹಣ್ಣು ಜವನ ಎಸೆದು ಕೈಮುಗಿಯುವ ಆ ಜೋಡಿಗಳು ಹಳೆ ಬಟ್ಟೆಯಲ್ಲಿ ಬರುವುದಿಲ್ಲ. ಸೀರೆ ಮಾರುವವರಿಗೆ ಬೋಣಿ ಹುಡುಕಲು ಇದಕ್ಕಿಂತ ಒಳ್ಳೆಯ ದಿನ ನನಗೆ ತೋಚುವುದಿಲ್ಲ. ಆದರೆ ಬ್ಲೌಸ್ ಹೊಲಿಯಲು, ಕುಚ್ಚು ಕಟ್ಟಲು ದಿನ ಹಿಡಿಯುತ್ತದೆ. ತೇರಿಗೆ ಮೂರು ವಾರ ಇರುವಾಗಲೇ, ಮನೆಯ ಜಗುಲಿಯ ಬೆಳಗಿನ ಬೆಳಕಿನಲ್ಲಿ, ಬಣ್ಣ ಇದ್ದದ್ದು ಇದ್ದಂತೆ ಕಾಣುವ ಹಾಗೆ ಫೋಟೊ ತೆಗೆದು ಮುಗಿಸಿರಬೇಕು.